ದೊಡ್ಡಪ್ಪನ ಲಾರಿಯ ಎಣ್ಣೆಸ್ನಾನ

ಬುಧವಾರ, ಬೆಳಿಗ್ಗೆ ಹನ್ನೊಂದು ಗಂಟೆ ಐವತ್ತು ನಿಮಿಷ. ಈ ಹೊತ್ತನ್ನು ನಾನು ಈ ಜನ್ಮದಲ್ಲಿ ಮರೆಯುವಂತಿಲ್ಲ. ನಮ್ಮ ಮನೆಯ ಕುಕ್ಕರ್ ಸೀಟಿ ಹೊಡೆದರೆ, ಪಕ್ಕದ ಮನೆಯವರು ಮಿಕ್ಸಿ ಹಾಕಿದರೆ, ಕಾಲೇಜಿನ ಗೇಟಿನ ಮುಂದೆ ಯಾರಾದರೂ ಬೈಕನ್ನು ನಿಂತಲ್ಲೇ ಗುರ್ರೆನ್ನಿಸಿದರೆ ನನ್ನ ತಲೆಯೊಳಗಿನ ಗಡಿಯಾರ ಥಟ್ಟನೆ ಹನ್ನೊಂದು ಐವತ್ತಕ್ಕೆ ಹೋಗಿ ನಿಂತುಬಿಡುತ್ತದೆ. ಕೈಯಲ್ಲಿದ್ದದ್ದು ಕೆಳಗೆ ಬೀಳುತ್ತದೆ. ಮೊನ್ನೆ ತರಗತಿಯಲ್ಲಿ ಪಾಣಿಪತ್ ಕದನದ ಮಧ್ಯೆ ಹೀಗಾಗಿ, ಸೀಮೆಸುಣ್ಣ ಬಿದ್ದು, ಎರಡೂ ಕಡೆಯ ಸೈನ್ಯ ನನಗಾಗಿ ಕಾಯಬೇಕಾಯಿತು!

ಆದರೆ ಹನ್ನೊಂದು ಐವತ್ತರಿಂದಲೇ ಶುರು ಮಾಡಿದರೆ ನಿಮಗೇನೂ ತಿಳಿಯುವುದಿಲ್ಲ. ಮೊದಲು ನಮ್ಮ ದೊಡ್ಡಪ್ಪ ಎಂಥವನೆಂದು ತಿಳಿಯಬೇಕು. ಎಮ್ಮೆಯ ಮೈ ತೊಳೆಯುವವರನ್ನು ನೀವು ನೋಡಿದ್ದೀರಿ, ನಾಯಿಗೆ ಶಾಂಪೂ ಹಾಕುವವರನ್ನೂ ನೋಡಿದ್ದೀರಿ. ಲಾರಿಗೆ ದೀಪಾವಳಿಯ ಎಣ್ಣೆಸ್ನಾನ ಮಾಡಿಸುವವರನ್ನು ನೋಡಿದ್ದೀರಾ? ಇಲ್ಲವಲ್ಲ? ಹಾಗಾದರೆ ನೀವು ದಾವಣಗೆರೆಗೆ ಬಂದೂ ಬರೀ ಬೆಣ್ಣೆದೋಸೆ ತಿಂದು ಹೋಗಿದ್ದೀರಿ ಎಂದೇ ಅರ್ಥ.

ಪಿ.ಜೆ. ಬಡಾವಣೆಯಲ್ಲಿ ದೊಡ್ಡಪ್ಪನ ಮನೆ. ಮನೆಗೆ ಅಂಟಿಕೊಂಡು ಒಂದು ಖಾಲಿ ಸೈಟು. ಎದುರಿಗೆ ಒಂದು ಕ್ಲಿನಿಕ್ಕು. ಖಾಲಿ ಸೈಟಿನಲ್ಲಿ ಲಾರಿ. ಈಗಿನ ಚಪ್ಪಟೆ ಮುಖದ ಲಾರಿಯಲ್ಲ. ಮುಂದೆ ಉದ್ದಕ್ಕೆ ಮೂತಿ ಇರುವ, ಹಣೆಯ ಮೇಲೆ ವಿಭೂತಿ ಪಟ್ಟೆ ಬರೆಸಿಕೊಂಡ ಹಳೇ ಡೀಸೆಲ್ ಲಾರಿ. ಹರಿಹರದ ಅಕ್ಕಿ, ದಾವಣಗೆರೆಯ ಮೆಕ್ಕೆಜೋಳ ಹೊತ್ತು ಕೊಲ್ಲಾಪುರ, ಪುಣೆ ಎಂದು ತಿರುಗಿದ ಜೀವ. ಹೊಸ ಲಾರಿಗಳು ಬಂದ ಮೇಲೆ ಇದಕ್ಕೆ ಲೋಡು ಕೊಡುವವರು ಕಡಿಮೆಯಾದರು. ಒಂದು ದಿನ ದೊಡ್ಡಪ್ಪ ಸೈಟಿಗೆ ತಂದು ನಿಲ್ಲಿಸಿ ಚಾವಿ ತೆಗೆದ. ಹತ್ತು ವರ್ಷದ ಮೇಲಾಯಿತು.

ಲಾರಿ ನಿಂತಿತು, ಸರಿ. ದೊಡ್ಡಪ್ಪ ಮಾತ್ರ ಅದರಿಂದ ಇಳಿಯಲೇ ಇಲ್ಲ! ಹಗಲು ಮನೆಯಲ್ಲಿರುತ್ತಿದ್ದ, ಊಟ ಮಾಡುತ್ತಿದ್ದ, ಲಿಂಗಪೂಜೆ ಮಾಡಿಕೊಳ್ಳುತ್ತಿದ್ದ. ಮಲಗುವ ಹೊತ್ತಾದರೆ ಕೌದಿ ಹೆಗಲಿಗೆ ಹಾಕಿಕೊಂಡು ಹೋಗಿ ಲಾರಿಯ ಕ್ಯಾಬಿನ್ನಿನ ಹಲಗೆಯ ಮೇಲೆ ಮಲಗುತ್ತಿದ್ದ. ಮಂಚದ ಮೇಲೆ ಮಲಗಿದರೆ ಉರುಳಿಬಿದ್ದಂತಾಗುತ್ತದಂತೆ. ಘಟ್ಟದ ತಿರುವುಗಳಲ್ಲಿ ಬೀಳದ ಮನುಷ್ಯ ಸಾಗವಾನಿ ಮಂಚದಿಂದ ಬೀಳುತ್ತಾನೆಯೇ? ಬೀಳುತ್ತಾನೆ. ಎರಡು ಸಲ ಬಿದ್ದು ತೋರಿಸಿದ್ದಾನೆ.

ದೊಡ್ಡವ್ವ ಕಡರನಾಯಕನಹಳ್ಳಿಯ ಹೆಣ್ಣುಮಗಳು. ಮಾತಿಗೆ ಸಾಲ ಕೇಳುವವಳಲ್ಲ. ಬಂದವರಿಗೆಲ್ಲ ಒಂದೇ ಕಥೆ ಹೇಳುತ್ತಿದ್ದಳು: “ನಮ್ಮಪ್ಪ ಮದುವಿಗೆ ಮುಂಚೆ ಕೇಳಿದ್ದ, ಹುಡುಗಗೆ ಸ್ವಂತ ಮನಿ ಐತೇನು ಅಂತ. ಐತೆ ಅಂದ್ರು. ಅದಕ್ಕೆ ಆರು ಗಾಲಿ ಅದಾವು ಅಂತ ಯಾರೂ ಹೇಳ್ಲಿಲ್ಲ.”

ಇನ್ನು ಎಣ್ಣೆಸ್ನಾನ. ನರಕ ಚತುರ್ದಶಿಯ ಬೆಳಗಿನಲ್ಲಿ ಮನೆಮಂದಿಗೆಲ್ಲ ಗರಿಕೆಯಿಂದ ಎಣ್ಣೆ ಮುಟ್ಟಿಸಿ, ತಲೆಗೆ ತಿಕ್ಕಿ, ನೀರು ಹಾಕುವುದು ನಮ್ಮಲ್ಲಿ ರೂಢಿ. ಎಲ್ಲರದೂ ಆದ ಮೇಲೆ ದೊಡ್ಡಪ್ಪ ಅದೇ ಗರಿಕೆ ಹಿಡಿದು ಸೈಟಿಗೆ ಹೋಗುತ್ತಿದ್ದ. ಲಾರಿಯ ಮೂತಿಗೆ ಮೂರು ಸಲ ಎಣ್ಣೆ ಮುಟ್ಟಿಸುತ್ತಿದ್ದ. ಆಮೇಲೆ ಬಾನೆಟ್ ಎತ್ತಿ, ಅಂಗಡಿಯಿಂದ ತಂದ ಹೊಸ ಎಂಜಿನ್ ಆಯಿಲ್ಲಿನ ಒಂದು ಲೀಟರ್ ಡಬ್ಬಿಯನ್ನು ಗಟಗಟ ಅದರ ಹೊಟ್ಟೆಗೆ ಸುರಿಯುತ್ತಿದ್ದ. ಓಡದ ಲಾರಿಗೆ ಎಣ್ಣೆ ಯಾಕೆ ಎಂದು ನಾನೊಮ್ಮೆ ಕೇಳಿದ್ದೆ. “ಓಡಾಡೋರಿಗಿಂತ ಕುಂತೋರಿಗೆ ಮೈ ಒಣಗೋದು ಜಾಸ್ತಿ, ಮೇಡಂ” ಅಂದ. ನಾನು ಕಾಲೇಜಿನಲ್ಲಿ ಪಾಠ ಮಾಡುವವಳೆಂದು ನನ್ನನ್ನು ಮೇಡಂ ಎಂದೇ ಕರೆಯುವುದು. ಆ ಮಾತಿನಲ್ಲಿ ನನಗೆ ಆಗ ತಪ್ಪೇನೂ ಕಾಣಲಿಲ್ಲ. ದೊಡ್ಡವ್ವನ ಮಂಡಿಯೂ ಹಾಗೇ ಅಲ್ಲವೇ ಹಿಡಿದುಕೊಂಡದ್ದು?

ಎಂಜಿನ್ನಿನಲ್ಲಿ ಎಣ್ಣೆ ಎಷ್ಟಿದೆ ಎಂದು ಅದ್ದಿ ನೋಡಲು ಒಂದು ಉದ್ದನೆಯ ತೆಳ್ಳನೆಯ ಕಡ್ಡಿ ಇರುತ್ತದೆ. ಅದನ್ನು ನೋಡಿದ್ದರೆ ಯಾವತ್ತೋ ಗೊತ್ತಾಗುತ್ತಿತ್ತು. ಆದರೆ ಆ ಕಡ್ಡಿ ಲಾರಿಯಲ್ಲಿರಲಿಲ್ಲ. ಅದು ದೊಡ್ಡಪ್ಪನ ಅಂಗಿಯೊಳಗಿತ್ತು. ಬೆನ್ನು ಕೆರೆದುಕೊಳ್ಳಲು ಅದರಷ್ಟು ಹದವಾದದ್ದು ಜಗತ್ತಿನಲ್ಲಿ ಇನ್ನೊಂದಿಲ್ಲ ಎಂದು ಅವನ ಅಭಿಪ್ರಾಯ. ತೂತಿಗೆ ಒಂದು ಬಟ್ಟೆಯ ಬಿರಟೆ ತುರುಕಿದ್ದ.

ಹೀಗೆ ಸಂಸಾರ ಸುಖವಾಗಿ ಸಾಗುತ್ತಿರುವಾಗ ಆ ಮಂಡಿಯೇ ಎಲ್ಲಕ್ಕೂ ಕಾರಣವಾಯಿತು. ಮಲಗುವ ಕೋಣೆ ಮಹಡಿಯ ಮೇಲೆ. ದೊಡ್ಡವ್ವನಿಗೆ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ. ಸೈಟಿನಲ್ಲಿ ಕೆಳಗೇ ಒಂದು ಕೋಣೆ ಕಟ್ಟಿಸಬೇಕು, ಅದಕ್ಕೆ ಲಾರಿ ಜಾಗ ಬಿಡಬೇಕು ಎಂದು ತೀರ್ಮಾನವಾಯಿತು. ಹರಿಹರದಾಚೆ ಗುತ್ತೂರಿನ ಬಳಿಯ ಗುಜರಿಯವರು ತೆಗೆದುಕೊಳ್ಳಲು ಒಪ್ಪಿದರು. ಕ್ರೇನು ಕಳಿಸಿ ಎಳೆದುಕೊಂಡು ಹೋಗುತ್ತೇವೆ ಎಂದರು. ದೊಡ್ಡಪ್ಪ ಎರಡು ದಿನ ಲಾರಿಯ ಸುತ್ತಲೇ ಸುತ್ತಿದ. ಮೂರನೇ ದಿನ ಊಟಕ್ಕೆ ಕೂತವನು ರೊಟ್ಟಿ ಮುರಿಯುತ್ತ ಹೇಳಿದ: “ಕ್ರೇನಿಗೆ ನೇತಾಕಿ ಕಳಿಸಾಕೆ ಅದೇನು ಹೆಣವಾ? ತನ್ನ ಕಾಲ ಮ್ಯಾಲೆ ಬಂದಾಕಿ. ತನ್ನ ಕಾಲ ಮ್ಯಾಲೇ ಹೋಗ್ಲಿ.”

ಅಂದರೆ ಲಾರಿಯನ್ನು ಮತ್ತೆ ಎಬ್ಬಿಸಬೇಕು! ಮೇಸ್ತ್ರಿ ಸೋಮವಾರ ಪಾಯ ತೋಡಲು ಬರುವವನಿದ್ದ. ಅಷ್ಟರೊಳಗೆ ಎದ್ದರೆ ಮರ್ಯಾದೆ, ಏಳದಿದ್ದರೆ ಕ್ರೇನು. ಆ ವಾರವೆಲ್ಲ ದೊಡ್ಡಪ್ಪನ ಮುಖ ಮಗಳ ಮದುವೆ ನಿಶ್ಚಯವಾದವರ ಮುಖದಂತೆ ಖುಷಿ, ದುಃಖ ಎರಡೂ ಕಲಸಿದಂತಿತ್ತು.

ಹರಿಹರದಿಂದ ಬಾಷಾ ಬಂದ. ಬಾಷಾ ದೊಡ್ಡಪ್ಪನ ಹಳೇ ಮೆಕ್ಯಾನಿಕ್. ಈಗ ಗಡ್ಡ ಪೂರ್ತಿ ಬೆಳ್ಳಗೆ. ಲಾರಿಯ ಸುತ್ತ ಒಂದು ಸುತ್ತು ಹಾಕಿ, ಗಾಲಿಗೆ ಕೈಮುಟ್ಟಿಸಿ, “ಉಸಿರೈತೆ ಅಣ್ಣಾ” ಅಂದ. ಡೀಸೆಲ್ ಟ್ಯಾಂಕಿನಿಂದ ಹೊರಗೆ ಬಂದದ್ದು ಡೀಸೆಲ್ಲಲ್ಲ. ಬೆಲ್ಲದ ಪಾಕದಂಥ ಏನೋ ಒಂದು. ತೊಳೆದರು. ಹೊಸ ಬ್ಯಾಟರಿ ಬಂತು. ಎಂಜಿನ್ನು ಉಸಿರೆಳೆಯುವ ಕೊಳವೆಗೆ ಗಾಳಿ ಸೋಸುವ ಡಬ್ಬಿ ಇರುತ್ತದಲ್ಲ, ಅದರ ಮುಚ್ಚಳ ತೆಗೆದರೆ ಒಳಗೆ ಅಳಿಲಿನ ಬಾಣಂತನ! ನಾರು, ಹತ್ತಿ, ಕ್ಲಿನಿಕ್ಕಿನ ಬ್ಯಾಂಡೇಜಿನ ತುಂಡುಗಳ ಮೆತ್ತೆಯ ಮೇಲೆ ಮೂರು ಮರಿ. ದೊಡ್ಡಪ್ಪ ಇಡೀ ಡಬ್ಬಿಯನ್ನೇ ಕಳಚಿ, ಎರಡೂ ಕೈಯಲ್ಲಿ ಹಿಡಿದು, ಕಾಂಪೌಂಡಿನ ಮೂಲೆಯ ನುಗ್ಗೆಗಿಡದಲ್ಲಿ ಕಟ್ಟಿ ಬಂದ. “ಬುಧವಾರ ಬರ್ತಾ ಹೊಸ ಡಬ್ಬಿ ತರ್ತೀನಿ” ಎಂದ ಬಾಷಾ. ಅಲ್ಲಿಯವರೆಗೆ ಆ ಕೊಳವೆ ಹಸಿದ ಮಗುವಿನಂತೆ ಬಾಯಿ ತೆರೆದುಕೊಂಡೇ ಇತ್ತು.

ಹೋಗುವಾಗ ಬಾಷಾ ಕೇಳಿದ, ಎಂಜಿನ್ ಆಯಿಲ್ ಐತೇನಣ್ಣಾ ಎಂದು. “ತುಂಬಿ ತುಳುಕ್ತೈತೆ” ಎಂದ ದೊಡ್ಡಪ್ಪ. ದೊಡ್ಡಪ್ಪ ಯಾವ ಮಾತನ್ನೂ ಉತ್ಪ್ರೇಕ್ಷೆ ಇಲ್ಲದೆ ಆಡಿದ್ದು ಬಾಷಾ ಕಂಡಿರಲಿಲ್ಲ. ನಕ್ಕು ಹೊರಟುಬಿಟ್ಟ. ಜೀವನದಲ್ಲಿ ಒಂದೇ ಒಂದು ಸಲ ದೊಡ್ಡಪ್ಪ ನಿಜವನ್ನು ಅಳತೆಗೆ ತಕ್ಕಂತೆ ಹೇಳಿದ್ದ, ಅದನ್ನು ಯಾರೂ ನಂಬಲಿಲ್ಲ!

ಬುಧವಾರ ಬಂತು. ಬುಧವಾರ ಮಧ್ಯಾಹ್ನ ಹನ್ನೆರಡರಿಂದ ಒಂದೂವರೆಯವರೆಗೆ ರಾಹುಕಾಲ. ಇದು ದೊಡ್ಡಪ್ಪನಿಗೂ ಗೊತ್ತು, ಬಾಷಾನಿಗೂ ಗೊತ್ತು. ಇಬ್ಬರಿಗೂ ಗೊತ್ತಿದ್ದದ್ದೇ ಅನಾಹುತವಾಯಿತು. ರಾಹುಕಾಲ ಹುಟ್ಟುವ ಮುಂಚೆ ಸ್ಟಾರ್ಟ್ ಮಾಡಬೇಕು ಎಂದು ದೊಡ್ಡಪ್ಪ. ರಾಹುಕಾಲ ಕಳೆದ ಮೇಲೆಯೇ ಅಣ್ಣ ಚಾವಿ ಮುಟ್ಟುವುದು, ನಿಧಾನಕ್ಕೆ ಹೋದರಾಯಿತು ಎಂದು ಬಾಷಾ. ಫೋನು ಮಾಡಿ ಕೇಳಬಹುದಿತ್ತು. ನಲವತ್ತು ವರ್ಷದ ಗೆಳೆಯರು ಅಂಥದ್ದನ್ನೆಲ್ಲ ಕೇಳುತ್ತಾರೆಯೇ?

ರಜೆಯಲ್ಲಿದ್ದ ನನ್ನನ್ನು ಆರತಿ ತಟ್ಟೆ ಹಿಡಿಯಲು ಕರೆಸಿದ್ದರು. ಗಾಲಿಗಳ ಕೆಳಗೆ ನಿಂಬೆಹಣ್ಣು. ಮೂತಿಗೆ ಚೆಂಡುಹೂವಿನ ಹಾರ. ದೊಡ್ಡವ್ವ ದೊಡ್ಡಪ್ಪನ ಕೌದಿಯನ್ನು ತೆಗೆದು, ಹಿತ್ತಲಿಗೆ ತಗುಲಿಕೊಂಡೇ ಇದ್ದ ಒಗೆಯುವ ಕಲ್ಲಿನ ಬಳಿ ಬಕೆಟ್ಟಿನಲ್ಲಿ ನೆನೆಹಾಕಿದ್ದಳು. ದೊಡ್ಡಪ್ಪನ ಹಳೇ ಖಾಕಿ ಅಂಗಿ, ತನ್ನ ಹಳೇ ಸೀರೆ ಸೇರಿಸಿ ಅವಳೇ ಹೊಲಿದ ಕೌದಿ ಅದು. ಲಾರಿಯ ಜೊತೆಗೇ ಅರ್ಧ ಭಾರತ ತಿರುಗಿತ್ತು. ಲಾರಿಯ ಮೂತಿಯ ಮುಂದೆ ಆ ಕಲ್ಲು, ಕಲ್ಲಿನ ಹಿಂದೆ ಅಡುಗೆಮನೆಯ ಗೋಡೆ. ಈ ಚಿತ್ರ ನಿಮ್ಮ ಕಣ್ಣ ಮುಂದೆ ಇರಲಿ. ನನ್ನ ಕಣ್ಣ ಮುಂದಿನಿಂದ ಅದು ಹೋಗುವುದೇ ಇಲ್ಲ.

ಹನ್ನೊಂದು ನಲವತ್ತೈದಾಯಿತು. ಬಾಷಾ ಬರಲಿಲ್ಲ. ದೊಡ್ಡಪ್ಪ ಕ್ಯಾಬಿನ್ ಹತ್ತಿದ. ಹನ್ನೊಂದು ಐವತ್ತು. ಚಾವಿ ತಿರುಗಿಸಿದ.

ಮೊದಲು ಒಂದು ಕೆಮ್ಮು. ಆಮೇಲೆ ಇನ್ನೊಂದು. ಆಮೇಲೆ ಗಡಗಡ ಎಂದು ಹತ್ತು ವರ್ಷದ ನಿದ್ದೆ ಕೊಡವಿಕೊಂಡು ಎಂಜಿನ್ ಎದ್ದಿತು! ನಾನು ಆರತಿ ಎತ್ತಿದೆ. ದೊಡ್ಡಪ್ಪ ಕಿಟಕಿಯಿಂದ ಕೈ ಹೊರಹಾಕಿ ಅಧ್ಯಕ್ಷರಂತೆ ಬೀಸಿದ. ಕ್ಲಿನಿಕ್ಕಿನ ಬೆಂಚಿನಲ್ಲಿ ಕೂತಿದ್ದವರು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ನಿಲ್ಲುವ ಮೊದಲೇ ಸದ್ದು ಏರತೊಡಗಿತು. ದೊಡ್ಡಪ್ಪನ ಕಾಲು ಆಕ್ಸಿಲರೇಟರ್ ಮೇಲಿರಲಿಲ್ಲ. ಆದರೂ ಏರಿತು. ಏರುತ್ತಲೇ ಹೋಯಿತು. ಗಡಗಡ ಹೋಗಿ ಗುರ್ರಾಯಿತು, ಗುರ್ರು ಹೋಗಿ ಕಿವಿಯ ಒಳಗೆ ಸೂಜಿ ಚುಚ್ಚಿದಂಥ ಕಿರುಚಾಟವಾಯಿತು. ಹಿಂದಿನಿಂದ ನೀಲಿಬಿಳಿ ಹೊಗೆ ಎದ್ದು ಕ್ಲಿನಿಕ್ಕು ಕಾಣದಾಯಿತು. ಎಂಜಿನ್ ಬಂದ್ ಮಾಡುವ ಗುಂಡಿ ಎಳೆದ, ಬಂದ್ ಆಗಲಿಲ್ಲ. ಚಾವಿ ತೆಗೆದು ನನಗೆ ತೋರಿಸಿದ. ಚಾವಿ ಅವನ ಕೈಯಲ್ಲಿ, ಲಾರಿ ಕಿರುಚುತ್ತಲೇ ಇದೆ!

ಕಡೆಗೆ ಹಳೇ ಡ್ರೈವರುಗಳ ಉಪಾಯ ಮಾಡಿದ. ಗೇರಿಗೆ ಹಾಕಿ, ಬ್ರೇಕ್ ತುಳಿದು, ಕ್ಲಚ್ ಬಿಟ್ಟರೆ ಎಂಜಿನ್ ಉಸಿರುಗಟ್ಟಿ ನಿಲ್ಲುತ್ತದಂತೆ. ಆದರೆ ಹತ್ತು ವರ್ಷದ ಬ್ರೇಕು ಎಲ್ಲಿ ಹಿಡಿಯಬೇಕು? ಲಾರಿ ನಿಂಬೆಹಣ್ಣುಗಳನ್ನು ಅಪ್ಪಚ್ಚಿ ಮಾಡಿ ಮುಂದಕ್ಕೆ ನೆಗೆದು ಒಗೆಯುವ ಕಲ್ಲಿಗೆ ಗುದ್ದಿತು. ದೊಡ್ಡಪ್ಪ ಮತ್ತೆ ಕ್ಲಚ್ ತುಳಿದು ಹಿಡಿದ. ಗೇರು ಹೊರಗೆ ಬರಲೊಲ್ಲದು. ಕಾಲು ತೆಗೆದರೆ ಕಲ್ಲು ಉರುಳಿಸಿ ಲಾರಿ ಅಡುಗೆಮನೆಗೆ ನುಗ್ಗುತ್ತದೆ. ಕಾಲು ತೆಗೆಯದಿದ್ದರೆ ಎಂಜಿನ್ ಯಾವ ಗಳಿಗೆಯಲ್ಲಿ ಸಿಡಿಯುತ್ತದೋ ದೇವರೇ ಬಲ್ಲ.

ಹೊಗೆಯೊಳಗಿಂದ ಸಲಹೆಗಳು ಬಂದವು. ಒಬ್ಬರು ಚಾವಿ ತೆಗೀರಿ ಎಂದರು. ಕ್ಲಿನಿಕ್ಕಿನ ಕಾಂಪೌಂಡರ್ ಒಂದು ಕೊಡ ನೀರು ತಂದು ಹಿಂದಿನ ಗಾಲಿಗೆ ಸುರಿದು, ಕರ್ತವ್ಯ ಮುಗಿಯಿತೆಂಬಂತೆ ಓಡಿಹೋದ. ಡಾಕ್ಟರು ಹೊರಬಂದು ದೂರದಿಂದಲೇ ಲಾರಿಯನ್ನು ರೋಗಿಯಂತೆ ನೋಡಿದರು. ಅಂದು ಬಿ.ಪಿ. ತೋರಿಸಲು ಬಂದಿದ್ದವರಿಗೆಲ್ಲ ಇನ್ನೊಂದು ದಿನ ಬನ್ನಿ ಎಂದು ಕಳಿಸಿದರಂತೆ, ಅಳತೆ ನಂಬುವ ಹಾಗಿಲ್ಲ ಎಂದು. ನಾನು? ನಾನು ಆರತಿ ಬೆಳಗುತ್ತಲೇ ಇದ್ದೆ! ಉರಿಯುವ ಕರ್ಪೂರ ಹಿಡಿದು, ಡೀಸೆಲ್ ಕ್ಯಾನಿನ ಪಕ್ಕದಲ್ಲಿ ನಿಂತು, ಬಲಕ್ಕೆ ಸುತ್ತು, ಬಲಕ್ಕೆ ಸುತ್ತು.

ದೊಡ್ಡವ್ವ ಲಾರಿಯ ಮುಂದೆ, ಒಗೆಯುವ ಕಲ್ಲಿನ ಹಿಂದೆ ನಿಂತು “ಇಳೀರಿ, ಇಳೀರಿ” ಎಂದು ಒದರುತ್ತಿದ್ದಳು. ದೊಡ್ಡಪ್ಪ ಇಳಿಯಲಿಲ್ಲ. ತಲೆ ಅಲ್ಲಾಡಿಸಿ, ಕೈಯಿಂದ ಆಚೆ ಹೋಗು, ಆಚೆ ಹೋಗು ಎನ್ನುತ್ತಿದ್ದ. ಆಗ ಮೆಟ್ಟಿಲು ಹತ್ತಲಾರದ ನಮ್ಮ ದೊಡ್ಡವ್ವ, ಮಂಡಿಗಾಗಿ ಪ್ರತ್ಯೇಕ ಕೋಣೆ ಕಟ್ಟಿಸಿಕೊಳ್ಳಲು ಹೊರಟಿದ್ದ ದೊಡ್ಡವ್ವ, ಬಕೆಟ್ಟಿನಿಂದ ನೀರು ಸುರಿಯುವ ಕೌದಿ ಎಳೆದುಕೊಂಡು, ಒಗೆಯುವ ಕಲ್ಲಿನ ಮೇಲಿಂದ ಬಂಪರಿನ ಮೇಲೆ ಹತ್ತಿ ನಿಂತಳು! ಬಾನೆಟ್ ತೆರೆದೇ ಇತ್ತು. ಎಲ್ಲಕ್ಕಿಂತ ಜೋರಾಗಿ ಅರಚುತ್ತಿದ್ದದ್ದು ಆ ಬಾಯ್ತೆರೆದ ಕೊಳವೆ. ಹಸಿ ಕೌದಿಯನ್ನು ಮುದ್ದೆ ಮಾಡಿ ಅದರ ಬಾಯಿಗೆ ತುರುಕಿದಳು. ಕೊಳವೆ ಕೌದಿಯ ಮೂಲೆಯನ್ನು ಸರ್ರನೆ ಒಳಗೆ ಎಳೆದುಕೊಂಡಿತು. ಒಂದು ಸಲ ಬಿಕ್ಕಿತು. ಲಾರಿ ಅಡಿಯಿಂದ ಮುಡಿಯವರೆಗೆ ನಡುಗಿತು. ನಿಂತಿತು.

ಅಷ್ಟು ನಿಶ್ಶಬ್ದವನ್ನು ನಾನು ಪಿ.ಜೆ. ಬಡಾವಣೆಯಲ್ಲಿ ಎಂದೂ ಕೇಳಿಲ್ಲ. ನುಗ್ಗೆಗಿಡದಲ್ಲಿ ಅಳಿಲು ಚಿಕ್ ಅಂದದ್ದು ಕೇಳಿಸಿತು.

ಹೇಗೆ ಗೊತ್ತಾಯಿತು ದೊಡ್ಡವ್ವ, ಗಾಳಿ ಕಟ್ಟಿದರೆ ನಿಲ್ಲುತ್ತದೆ ಎಂದು, ಅಂತ ಆಮೇಲೆ ಕೇಳಿದೆ. “ಗಾಳಿ ಗೀಳಿ ನಂಗೇನು ಗೊತ್ತವ್ವಾ. ಎಲ್ಲಿ ಒದರ್ತೈತೋ ಅಲ್ಲಿ ಬಾಯಿ ಮುಚ್ಚಿದೆ” ಅಂದಳು.

ಹನ್ನೆರಡೂಕಾಲಿಗೆ ಬಾಷಾ ಬಂದ. ಒಂದು ಕಂಕುಳಲ್ಲಿ ಹೊಸ ಡಬ್ಬಿ, ಇನ್ನೊಂದು ಕೈಯಲ್ಲಿ ಮಂಡಕ್ಕಿ, ಮಿರ್ಚಿಯ ಪೊಟ್ಟಣ. ಮಸಿ ಬಡಿದ ನಮ್ಮ ಮುಖಗಳನ್ನು ನೋಡಿ ಪೊಟ್ಟಣ ಕೆಳಗಿಟ್ಟ. ಲಾರಿಯ ಕೆಳಗೆ ತೂರಿ ಎಣ್ಣೆ ಬಿಡುವ ನಟ್ಟು ಬಿಚ್ಚಿದ. ಎಣ್ಣೆ ಬಂತು. ಬಕೆಟ್ ತುಂಬಿತು. ಇನ್ನೊಂದು ಬಕೆಟ್ ಕೇಳಿದ. ಅದೂ ತುಂಬಿತು. ಕೊಡ ಬಂತು, ನೀರು ಕಾಯಿಸುವ ಹಂಡೆ ಬಂತು, ಕಡೆಗೆ ದೊಡ್ಡವ್ವ ಹೋಳಿಗೆಯ ಹೂರಣ ಬೇಯಿಸುವ ಪಾತ್ರೆಯನ್ನೂ ತಂದಿಟ್ಟಳು. ಲಾರಿಯ ಕೆಳಗಿನಿಂದಲೇ ಬಾಷಾ ಕೇಳಿದ, “ಅಣ್ಣಾ, ಇದು ಎಂಜಿನ್ನಾ, ಗಾಣಾನಾ?”

ದೊಡ್ಡಪ್ಪ ದೀಪಾವಳಿಯ ವಿಷಯ ಹೇಳಿದ. ಪ್ರತಿ ಹಬ್ಬಕ್ಕೂ ಒಂದು ಲೀಟರ್. ಬಾಷಾ ಹೊರಬಂದು ಗಡ್ಡ ಒರೆಸಿಕೊಂಡು ಕೂತ. ಎಣ್ಣೆ ಮಿತಿ ಮೀರಿದರೆ ಎಂಜಿನ್ನು ಅದನ್ನೇ ಮೇಲಕ್ಕೆ ಎಳೆದುಕೊಂಡು ಸುಡುತ್ತದೆ ಎಂದು ಸಮಾಧಾನವಾಗಿ ವಿವರಿಸಿದ. “ನೀವು ಡೀಸೆಲ್ ಬಂದ್ ಮಾಡಿದ್ರಿ. ಅದು ಹಬ್ಬದ ಊಟ ಮಾಡ್ತಾ ಕುಂತಿತ್ತು.” ಆಮೇಲೆ ತಗ್ಗಿದ ದನಿಯಲ್ಲಿ, ನಾನೂ ಕಡ್ಡಿ ಅದ್ದಿ ನೋಡಬೇಕಿತ್ತು, ನಿಮ್ಮ ಮಾತನ್ನು ತಮಾಷೆ ಅಂದುಕೊಂಡೆ ಎಂದ. ದೊಡ್ಡಪ್ಪ ಅಂಗಿಯೊಳಗೆ ಕೈಹಾಕಿ, ಬೆನ್ನಿನಿಂದ ಕಡ್ಡಿ ತೆಗೆದು, ಎರಡೂ ಕೈಯಲ್ಲಿ ಅವನಿಗೆ ಒಪ್ಪಿಸಿದ. ಸೋತ ರಾಜ ಕತ್ತಿ ಒಪ್ಪಿಸಿದ್ದು ಪಾಠದಲ್ಲಿ ಹೇಳಿದ್ದೇನೆ, ನೋಡಿದ್ದು ಅಂದೇ.

ದೊಡ್ಡವ್ವನ ಸಿಟ್ಟು ಸಂಜೆಯ ಚಹಾದವರೆಗೆ ಕಾದಿತ್ತು. “ಇಳೀರಿ ಅಂತ ಗಂಟಲು ಹರಕಂಡೆ. ಯಾಕ ಇಳೀಲಿಲ್ಲ?”

ದೊಡ್ಡಪ್ಪ ಬಸಿಯಲ್ಲಿದ್ದ ಚಹಾ ಕುಡಿದು ಮುಗಿಸಿದ. “ಮುಂದೆ ನೀನು ನಿಂತಿದ್ದಿ” ಅಂದ.

ದೊಡ್ಡವ್ವ ಚಹಾದ ಪಾತ್ರೆ ಎತ್ತಿಕೊಂಡಳು. ಆಮೇಲೆ, “ಇಷ್ಟು ತಿಳುವಳಿಕಿ ಇದ್ದೋರು ಬಾಷಾ ಬರೋ ಮಟ ಕಾಯಾಕೆ ಏನಾಗಿತ್ತು” ಎನ್ನುತ್ತ ಅವನ ಬಸಿಗೆ ಇನ್ನಷ್ಟು ಚಹಾ ಬಗ್ಗಿಸಿದಳು.

ಬಾಷಾ ಬ್ರೇಕು ಸರಿಮಾಡಿದ, ಎಣ್ಣೆ ಅಳೆದು ಹಾಕಿದ. ಒಂದು ದಿನದ ಮಟ್ಟಿಗೆ ರಸ್ತೆಗೆ ಇಳಿಸಲು ಕಚೇರಿ ತಿರುಗಿ ಅನುಮತಿ ತಂದವಳು ನಾನು. ಈ ಇಡೀ ಕಥೆಯಲ್ಲಿ ನನ್ನ ಸಾಹಸ ಅಷ್ಟೇ. ಭಾನುವಾರ ಬೆಳಿಗ್ಗೆ ಲಾರಿ ಹಸುವಿನಷ್ಟು ಸಾಧುವಾಗಿ ಎದ್ದಿತು. ಆಗ ದೊಡ್ಡವ್ವ ಇನ್ನೊಂದು ಬಾಗಿಲು ತೆಗೆದು ಹತ್ತಿ ಕೂತುಬಿಟ್ಟಳು. ಮದುವೆಯಾದಂದಿನಿಂದ ಒಂದು ದಿನವೂ ಅವಳು ಆ ಲಾರಿಯಲ್ಲಿ ಕೂತು ಹೋದವಳಲ್ಲ. ಹಳೇ ರಸ್ತೆಯಲ್ಲಿ ಹರಿಹರ ದಾಟಿ ಗುತ್ತೂರಿನವರೆಗೆ ಸ್ಕೂಟರಿನಲ್ಲಿ ಹಿಂದೆಯೇ ಹೋದೆ. ಎರಡು ತಲೆಗಳು ಹಿಂದಿನ ಗಾಜಿನಲ್ಲಿ ಕಾಣುತ್ತಿದ್ದವು. ದಾರಿಯುದ್ದಕ್ಕೂ ಒಂದು ತಲೆ ಮಾತಾಡುತ್ತಿತ್ತು, ಇನ್ನೊಂದು ಅಲ್ಲಾಡುತ್ತಿತ್ತು. ಗುಜರಿಯ ಅಂಗಳದಲ್ಲಿ ದೊಡ್ಡಪ್ಪ ಎಂಜಿನ್ ನಿಲ್ಲಿಸಿ, ಇಳಿದು, ಮೂತಿಯ ಮೇಲಿನ ವಿಭೂತಿಯನ್ನು ಮುಟ್ಟಿ ಹಣೆಗೆ ಹಚ್ಚಿಕೊಂಡ. ತಿರುಗಿ ನೋಡಲಿಲ್ಲ. ಬರುವಾಗ ಬಸ್ಸಿನಲ್ಲಿ ಕಂಡಕ್ಟರ್ ಎಲ್ಲಿಗೆ ಎಂದರೆ ಅವನಿಗೆ ಊರಿನ ಹೆಸರೇ ಬಾಯಿಗೆ ಬರಲಿಲ್ಲವಂತೆ. ದೊಡ್ಡವ್ವ ಹೇಳಿದಳಂತೆ.

ಆಮೇಲೆ ಶುರುವಾಯಿತು ನಿದ್ದೆಯ ಫಜೀತಿ. ದೊಡ್ಡಪ್ಪನಿಗೆ ಮಂಚವಿಲ್ಲ, ಲಾರಿಯೂ ಇಲ್ಲ. ನಡುಮನೆಯಲ್ಲಿ ಚಾಪೆ ಹಾಸಿ ಸೂರು ನೋಡುತ್ತಿದ್ದ. ಆಶ್ಚರ್ಯವೆಂದರೆ ದೊಡ್ಡವ್ವನಿಗೂ ನಿದ್ದೆಯಿಲ್ಲ. ನಿನಗೇನಾಗಿದೆ, ಸವತಿ ಹೋದಳಲ್ಲ, ಹಾಯಾಗಿ ಮಲಗು ಎಂದು ನಾನು ಛೇಡಿಸಿದೆ. ಅವಳು ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

“ಮದುವಿ ಆದಾಗಿಂದ ನಾನು ಎಚ್ಚರನೇ, ತಂಗಿ. ಲಾರಿ ಸಪ್ಪಳ ಬಂದ ಮ್ಯಾಲೇ ಕಣ್ಣು ಮುಚ್ಚೋದು.”

ಲಾರಿ ನಿಂತು ಹತ್ತು ವರ್ಷವಾಯಿತಲ್ಲ ಎಂದೆ.

“ನಿಂತ ಮ್ಯಾಲೂ ಎದ್ದು ಎದ್ದು ಕಿಟಕ್ಯಾಗೆ ನೋಡ್ತಿದ್ದೆ. ಕನಸಿನಾಗೆ ಓಡಿಸ್ಕೊಂಡು ಹೊಂಟುಬಿಟ್ರೆ?”

ನಾನೂ ಒಂದು ಮುಷ್ಟಿ ಅವರೆಕಾಯಿ ತೆಗೆದುಕೊಂಡು ಸುಲಿಯತೊಡಗಿದೆ.

ಕೌದಿಯನ್ನು ದೊಡ್ಡವ್ವ ಸೀಗೆಪುಡಿ, ಸೋಪು, ನಿಂಬೆಹಣ್ಣು ಎಲ್ಲ ಹಾಕಿ ಒಗೆದಿದ್ದಳು. ಕೊಳವೆ ಕಚ್ಚಿದ ಮೂಲೆಯ ಕಪ್ಪು ಹೋಗಲಿಲ್ಲ, ಡೀಸೆಲ್ ವಾಸನೆಯೂ ಹೋಗಲಿಲ್ಲ. ಎಸೆದುಬಿಡುತ್ತೇನೆ ಎನ್ನುತ್ತಿದ್ದಳು.

ಮುಂದಿನ ಭಾನುವಾರ ಬೆಳಿಗ್ಗೆ ಎಂಟಕ್ಕೆ ಪಕ್ಕದ ಮನೆಯವರ ಫೋನು. ಹಾಲಿನ ಪ್ಯಾಕೆಟ್ಟು ಹೊಸ್ತಿಲಲ್ಲೇ ಬಿದ್ದಿದೆ, ಬಾಗಿಲು ತೆರೆದಿಲ್ಲ, ಬಡಿದರೂ ಏಳುತ್ತಿಲ್ಲ. ಐದಕ್ಕೆ ಏಳುವ ದೊಡ್ಡವ್ವ! ನನ್ನ ತಲೆಯೊಳಗೆ ಹನ್ನೊಂದು ಐವತ್ತು ಹೊಡೆಯಿತು. ಸ್ಕೂಟರ್ ಹೇಗೆ ಓಡಿಸಿದೆನೋ ಗೊತ್ತಿಲ್ಲ. ನಡುಮನೆಯ ಕಿಟಕಿಯ ಸರಳು ಹಿಡಿದು ಒಳಗೆ ಇಣುಕಿದೆ.

ನೆಲದ ಮೇಲೆ, ಒಂದೇ ಕೌದಿಯ ಕೆಳಗೆ, ಇಬ್ಬರೂ. ಕಪ್ಪು ಮೂಲೆ ದೊಡ್ಡಪ್ಪನ ಮೂಗಿನ ಹತ್ತಿರ. ಅವನ ಬಲಗಾಲು ಗೋಡೆಯನ್ನು ಬ್ರೇಕಿನಂತೆ ಒತ್ತಿ ಹಿಡಿದಿತ್ತು. ಸರಳಿಗೆ ಕಿವಿ ಹಚ್ಚಿದೆ. ಆಗ ಕೇಳಿಸಿತು: ಗಡಗಡ, ಗಡಗಡ, ಇಳಿಜಾರಿನಲ್ಲಿ ಆರಾಮಾಗಿ ಇಳಿಯುವ ಹಳೇ ಲಾರಿಯ ಸದ್ದು. ದೊಡ್ಡಪ್ಪನಲ್ಲ, ಗೊರಕೆ ಹೊಡೆಯುತ್ತಿದ್ದವಳು ದೊಡ್ಡವ್ವ!

ಬಾಗಿಲು ಬಡಿಯಲು ಎತ್ತಿದ ಕೈ ಇಳಿಸಿದೆ. ಹಾಲಿನ ಪ್ಯಾಕೆಟ್ಟನ್ನು ನೆರಳಿಗೆ ಸರಿಸಿ, ಒಗೆಯುವ ಕಲ್ಲಿನ ಮೇಲೆ ಹೋಗಿ ಕಾವಲು ಕೂತೆ. ಸ್ವಲ್ಪ ಹೊತ್ತಿಗೆ ಕ್ಲಿನಿಕ್ಕಿಗೆ ರೋಗಿಯನ್ನು ಬಿಟ್ಟ ಆಟೋದವನೊಬ್ಬ ಸ್ಟಾರ್ಟ್ ಮಾಡಲು ಬಗ್ಗಿದ. ನಾನು ಎದ್ದು ನಿಂತು ಕೈ ಮುಗಿದೆ. ಒಳಗೆ ಮಲಗಿದ್ದಾರೆ ಎಂದು ಸನ್ನೆ ಮಾಡಿದೆ. ಅವನು ನನ್ನನ್ನೊಮ್ಮೆ, ಕಿಟಕಿಯನ್ನೊಮ್ಮೆ ನೋಡಿದ. ಆಮೇಲೆ ಏನನ್ನಿಸಿತೋ, ಇಳಿದು, ಆಟೋವನ್ನು ತಿರುವಿನವರೆಗೂ ತಳ್ಳಿಕೊಂಡೇ ಹೋದ.